ಊತ, ನರದ ನೋವು: ಮೊದಲು ಯಾವ ಪರೀಕ್ಷೆ?

ಕಾರಣ ಗೊತ್ತಿಲ್ಲದ ಊತ, ಜೊತೆಗೆ ನರದ ನೋವು. ಮೊದಲು ರಕ್ತ ಪರೀಕ್ಷೆಯೋ, ಎನ್‌ಸಿಎಸ್ಸೋ (ನರದ ವೇಗ ನೋಡುವ ಪರೀಕ್ಷೆ), ಎಂಆರ್‌ಐಯೋ ಎಂದು ಕೇಳಿದ್ದೀರಿ.

ಖರ್ಚೂ ತೊಂದರೆಯೂ ಕಡಿಮೆ ಇರುವುದು ರಕ್ತ, ಮೂತ್ರ ಪರೀಕ್ಷೆಯಲ್ಲಿ. ಎರಡೂ ಕಾಲು ಊದಿ, ಉರಿ ಬೆರಳಿನಿಂದ ಮೇಲೇರುತ್ತಿದ್ದರೆ ಇಲ್ಲಿಂದಲೇ ಶುರು ಮಾಡಿ. ಸಕ್ಕರೆ, ಬಿ12, ಥೈರಾಯ್ಡ್, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯೇಟಿನಿನ್, ಮೂತ್ರದ ಪ್ರೋಟೀನ್ ನೋಡಿಸಿ. ಸಕ್ಕರೆ ಕಾಯಿಲೆ ನರವನ್ನೂ ಕಿಡ್ನಿಯನ್ನೂ ಕೆಡಿಸಬಲ್ಲದು. ಹಾಗಾಗಿ ಊತಕ್ಕೂ ಉರಿಗೂ ಮೂಲ ಒಂದೇ ಇರಬಹುದು.

ಎನ್‌ಸಿಎಸ್‌ನಲ್ಲಿ ಚರ್ಮದ ಮೇಲೆ ಸಣ್ಣ ಶಾಕ್ ಕೊಟ್ಟು ನರದ ವೇಗ ಅಳೆಯುತ್ತಾರೆ. ಚುರ್ ಎನ್ನುತ್ತದೆ, ಅಷ್ಟೇ. ರಾತ್ರಿ ಕೈ ಜೋಮು ಹಿಡಿದು, ಕೊಡವಿದರೆ ಹಗುರಾಗುತ್ತದೆ ಅಂದ್ರೆ ಇದೇ ಸರಿ. ಮಣಿಕಟ್ಟಿನಲ್ಲಿ ನರ ಒತ್ತಿದೆಯಾ ಎಂದು ತಿಳಿಯುತ್ತದೆ. ಆದರೆ ಇದು ದಪ್ಪ ನರಗಳನ್ನಷ್ಟೇ ಅಳೆಯುತ್ತದೆ. ಸಣ್ಣ ನರ ಕೆಟ್ಟಿದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ನಿಮ್ಮ ನೋವು ಸುಳ್ಳು ಎಂದು ಅದರ ಅರ್ಥ ಖಂಡಿತ ಅಲ್ಲ.

ಎಂಆರ್‌ಐ ದುಬಾರಿ. ಸೊಂಟದಿಂದ ಒಂದು ಕಾಲಿಗೆ ನೋವು ಇಳಿದು, ಬಲ ಕುಗ್ಗುತ್ತಿದ್ದರೆ ಬೇಕು. ಸುಮ್ನೆ ಮಾಡಿಸಿದರೆ, ನೋವಿಲ್ಲದವರಲ್ಲೂ ಕಾಣುವ ಬೆನ್ನುಮೂಳೆಯ ಡಿಸ್ಕ್ ಉಬ್ಬು ನೋಡಿ ದಾರಿ ತಪ್ಪುತ್ತದೆ.

ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ಈ ಮೂರಕ್ಕೂ ಕಾಯಬೇಡಿ. ರಕ್ತ ಹೆಪ್ಪುಗಟ್ಟಿದೆಯಾ ಎಂದು ಅದೇ ದಿನ ಡಾಕ್ಟರಿಗೆ ತೋರಿಸಿ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಬಗ್ಗೆ ಕೇಳಿ. ಉಸಿರಾಟ ಕಷ್ಟವಾದರೆ ನೇರ ಎಮರ್ಜೆನ್ಸಿಗೆ ಹೋಗಿ.