ಎಲೆಕ್ಟ್ರಾನಿಕ್ ಸೂರ್ಯ ಗಡಿಯಾರ: ಎರಡು ವರ್ಷ ಬಿಸಿಲಲ್ಲಿಟ್ಟ ಮೇಲೆ

ಸೂರ್ಯ ಗಂಟೆಗೆ 15 ಡಿಗ್ರಿ ಸಾಗುತ್ತಾನೆ. ಸೂರ್ಯನನ್ನು ಹಿಂಬಾಲಿಸಿ, ತಿರುಗಿದ ಕೋನದಿಂದ ಸಮಯ ತೋರಿಸುವ ಗಡಿಯಾರ ಒಂದು ಡಿಗ್ರಿ ತಪ್ಪಿದರೆ 4 ನಿಮಿಷ ತಪ್ಪಿದಂತೆ. ಬಿಡಿಭಾಗಗಳನ್ನು ಈ ಲೆಕ್ಕದಲ್ಲೇ ಆರಿಸಬೇಕು.

ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟರ್) ಬೇಡ, ಅದರ ಡೆಡ್‌ಬ್ಯಾಂಡೇ, ಅಂದರೆ ಅದು ಲೆಕ್ಕಕ್ಕೇ ತೆಗೆದುಕೊಳ್ಳದ ವ್ಯತ್ಯಾಸವೇ, ಸುಮಾರು ಒಂದು ಡಿಗ್ರಿ. 28ಬಿವೈಜೆ-48 ಸ್ಟೆಪ್ಪರ್‌ನಲ್ಲಿ (ಪುಟ್ಟ ಪುಟ್ಟ ಹೆಜ್ಜೆಯಾಗಿ ತಿರುಗುವ ಗೇರ್ ಮೋಟರ್) ಒಂದು ಹಾಫ್‌ಸ್ಟೆಪ್, ಅಂದರೆ ಅರ್ಧ ಹೆಜ್ಜೆ, ಸುಮಾರು 21 ಸೆಕೆಂಡಿಗೆ ಸಮ. ಆದರೆ ಸುತ್ತಿಗೆ 4096 ಸ್ಟೆಪ್ ಎಂದು ಕೋಡ್‌ನಲ್ಲಿ ಬರೆದು ಕೈತೊಳೆದುಕೊಳ್ಳಬೇಡಿ. ಈ ಮೋಟರ್‌ಗಳಲ್ಲಿ ಅನೇಕದರ ಗೇರ್ ಅನುಪಾತ 64 ಅಲ್ಲ, 63.68, ಸುತ್ತಿಗೆ ಬರುವುದು ಸುಮಾರು 4076. ಬೆಳಿಗ್ಗೆ 6ರ ಸ್ಥಾನದಿಂದ ಎಣಿಸಿದರೆ ಮಧ್ಯಾಹ್ನಕ್ಕೆ 1.8 ನಿಮಿಷ, ಸಂಜೆಗೆ ಅದರ ಎರಡರಷ್ಟು ವ್ಯತ್ಯಾಸ. ಹತ್ತು ಸುತ್ತು ತಿರುಗಿಸಿ ಅಳೆದುಬಿಡಿ. ಗೇರ್ ಸಡಿಲವೂ ಇರುತ್ತದೆ, ಹಾಗಾಗಿ ಸೂರ್ಯನತ್ತ ಯಾವಾಗಲೂ ಪೂರ್ವದ ಕಡೆಯಿಂದಲೇ ಬರಬೇಕು. ನಿಂತ ಮೇಲೆ ಮೋಟರ್‌ನ ಕಾಯಿಲ್ ಆಫ್ ಮಾಡಿ, ಗೇರ್ ಹಿಡಿದುಕೊಳ್ಳುತ್ತದೆ.

ಹೆಚ್ಚು ಕಾಡುವುದು ಸೂರ್ಯ ಎತ್ತ ಇದ್ದಾನೆಂದು ನೋಡುವ ಎಲ್‌ಡಿಆರ್ (ಬೆಳಕು ಹೆಚ್ಚಿದಷ್ಟೂ ರೋಧ ಇಳಿಯುವ ಬಿಡಿಭಾಗ) ಜೋಡಿ. 10 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಮನೆಯೊಳಗೆ ಚೆನ್ನಾಗಿ ಓಡುತ್ತದೆ, ಬಿಸಿಲಿಗೆ ತಂದ ಕೂಡಲೇ ಕುರುಡಾಗುತ್ತದೆ: ಎರಡೂ ರೀಡಿಂಗ್ ತುದಿ ಮುಟ್ಟಿ ನಡುವಿನ ವ್ಯತ್ಯಾಸವೇ ಉಳಿಯುವುದಿಲ್ಲ. 470 ಓಮ್‌ಗೆ ಇಳಿಸಿ, ಮೇಲೆ ಹಾಲುಬಣ್ಣದ ಅಕ್ರಿಲಿಕ್ ಮುಚ್ಚಿ, ಓದುವ ಹೊತ್ತಿಗಷ್ಟೇ ಕರೆಂಟ್ ಕೊಡಿ. ಮೋಡ ಕವಿದಾಗ ಗಡಿಯಾರ ಆಕಾಶದ ಬೆಳ್ಳಗಿನ ಭಾಗದತ್ತ ವಾಲುತ್ತದೆ. ಎರಡೂ ಎಲ್‌ಡಿಆರ್ ಕಾಣುವ ಒಟ್ಟು ಬೆಳಕು ಮಿತಿಗಿಂತ ಕಡಿಮೆಯಾದರೆ ಸಮಯದ ಬದಲು ಬರೀ ಗೆರೆ (– –) ತೋರಿಸುವುದೇ ಪ್ರಾಮಾಣಿಕ.

ಡಿಎಸ್3231 (ಸಮಯ, ತಾರೀಖು ನೆನಪಿಡುವ ಗಡಿಯಾರದ ಚಿಪ್) ತಾರೀಖಿಗೆ ಮಾತ್ರ. ಅದರ ಗಂಟೆ ನೋಡಿ ಮೋಟರ್ ತಿರುಗಿಸಿದರೆ ಇದು ಸೂರ್ಯ ಗಡಿಯಾರವೇ ಅಲ್ಲ, ಮುಳ್ಳಿರುವ ಮಾಮೂಲಿ ಗಡಿಯಾರ. ಫೆಬ್ರವರಿ 11ರ ಸುಮಾರಿಗೆ ಸೂರ್ಯ ಮಾಮೂಲಿ ಗಡಿಯಾರಕ್ಕಿಂತ 14 ನಿಮಿಷ ಹಿಂದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ ಇರುತ್ತಾನೆ. ಈ ತಿದ್ದುಪಡಿಗೆ ತಾರೀಖು ಬೇಕು. ಕಾಲವಲಯದ ರೇಖಾಂಶದಿಂದ ದೂರವಿರುವ ಪ್ರತಿ ಡಿಗ್ರಿಗೂ 4 ನಿಮಿಷ ಕೂಡಿಸಬೇಕು ಅಥವಾ ಕಳೆಯಬೇಕು.

6 ವೋಲ್ಟ್, 1 ವಾಟ್ ಪ್ಯಾನೆಲ್ ಸಾಕು. ಬ್ಯಾಟರಿ ಚಾರ್ಜ್ ಮಾಡುವ ಟಿಪಿ4056 ಬೋರ್ಡ್‌ನಲ್ಲಿ ಬರುವ 1.2 ಕಿಲೋ ಓಮ್ ರೆಸಿಸ್ಟರ್ 1 ಆಂಪಿಯರ್ ಎಳೆಯಲು ಹೋಗಿ ಪ್ಯಾನೆಲ್ ವೋಲ್ಟೇಜನ್ನು ಕುಸಿಯುವಂತೆ ಮಾಡುತ್ತದೆ. 10 ಕಿಲೋ ಓಮ್ ಹಾಕಿದರೆ ಸುಮಾರು 130 ಮಿಲಿಆಂಪಿಯರ್‌ಗೆ ನಿಲ್ಲುತ್ತದೆ. ಲಿಥಿಯಂ ಬ್ಯಾಟರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿಲಿಗಿಡಬೇಡಿ, ಪ್ಯಾನೆಲ್‌ನ ನೆರಳಲ್ಲಿ ಗಾಳಿಯಾಡುವಂತೆ ಕಟ್ಟಿ. ಎಪಾಕ್ಸಿ ಲೇಪದ ಪ್ಯಾನೆಲ್ ಎರಡನೇ ವರ್ಷಕ್ಕೇ ಹಳದಿಯಾಯಿತು. ಗಾಜಿನದ್ದು ಇನ್ನೂ ಹಾಗೇ ಇದೆ.

ಗಡಿಯಾರ ತಿರುಗುವ ಅಕ್ಷವನ್ನು ಉತ್ತರಕ್ಕೆ ಮುಖಮಾಡಿಸಿ, ನೆಲಮಟ್ಟದಿಂದ ನಿಮ್ಮ ಊರಿನ ಅಕ್ಷಾಂಶದಷ್ಟೇ ಓರೆ ಮಾಡಿ. ಉತ್ತರ ದಿಕ್ಕಿಗೆ ದಿಕ್ಸೂಚಿ ನಂಬಬೇಡಿ, ನಡುಹಗಲಿನ ಅತಿ ಗಿಡ್ಡ ನೆರಳಿನ ಗೆರೆ ಹಿಡಿಯಿರಿ.