ರೆಡ್ ಆಕ್ಸೈಡ್, ಆತಂಗುಡಿ, ವಿಟ್ರಿಫೈಡ್: ಒಂದು ಹಳೆಯ ಮನೆ, ಮೂರು ನೆಲ, ಏಳು ವರ್ಷ

ಮೈಸೂರಿನ ಚಾಮರಾಜಪುರಂನಲ್ಲಿರುವ ನಮ್ಮ ಮನೆಯನ್ನು ತಾತ ಕಟ್ಟಿಸಿದ್ದು 1954ರಲ್ಲಿ. ಮಂಗಳೂರು ಹೆಂಚಿನ ಮುಂಜಗುಲಿ, ಅದರ ಹಿಂದೆ ನಡುಮನೆ, ಎಡಕ್ಕೆ ದೇವರ ಗೂಡಿರುವ ಊಟದ ಕೋಣೆ ಮತ್ತು ಮಲಗುವ ಕೋಣೆ, ಕೊನೆಯಲ್ಲಿ ಅಡುಗೆಮನೆ ಹಾಗೂ ಬಚ್ಚಲು. ಬಚ್ಚಲೊಂದನ್ನು ಬಿಟ್ಟರೆ ಎಲ್ಲ ಕಡೆಯೂ ಕೆಂಪು ಗಾರೆಯ ನೆಲವಿತ್ತು. 2018ರ ಬೇಸಿಗೆಯಲ್ಲಿ ನಡುಮನೆಗೆ ಹೊಸದಾಗಿ ರೆಡ್ ಆಕ್ಸೈಡ್, ಅಂದರೆ ಅದೇ ಕೆಂಪು ನೆಲ, ಊಟದ ಕೋಣೆಗೆ ಆತಂಗುಡಿ ಎಂಬ ಹೂಬಣ್ಣದ ಸಿಮೆಂಟು ಹೆಂಚು, ಅಡುಗೆಮನೆಗೆ ನೀರು ಹೀರದಂತೆ ಸುಟ್ಟ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಮುಂಜಗುಲಿಯ ಹಳೆಯ ನೆಲವನ್ನು ಹಾಗೆಯೇ ಉಳಿಸಿಕೊಂಡೆವು. ಕೆಲಸ ಮುಗಿದ ಮೊದಲ ತಿಂಗಳಲ್ಲೇ ಬರೆದಿದ್ದರೆ ಇದು ಬರೀ ಹೊಗಳಿಕೆಯಾಗುತ್ತಿತ್ತು. ಏಳು ಮಳೆಗಾಲ ಕಳೆದ ಮೇಲೆ ಮಾತು ಸ್ವಲ್ಪ ಬದಲಾಗಿದೆ.

ಯಾವ ನೆಲ ಚೆಂದ ಎಂಬ ಪ್ರಶ್ನೆಗಿಂತ ಮೊದಲು ಕೇಳಿಕೊಳ್ಳಬೇಕಾದದ್ದು ನೆಲದ ಅಡಿಯಲ್ಲಿ ಏನಿದೆ ಎಂಬುದನ್ನು. ಈ ಪಾಠವನ್ನು ನಮಗೆ ಕಲಿಸಿದ್ದು ಮಲಗುವ ಕೋಣೆ. 2006ರಲ್ಲಿ ಆ ಕೋಣೆಯ ಕೆಂಪು ನೆಲದ ಮೇಲೆಯೇ, ಹಳೆಯದನ್ನು ಒಡೆಯದೆ, ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಕೂರಿಸಿದ್ದೆವು. ಎರಡೇ ದಿನದಲ್ಲಿ ಕೆಲಸ ಮುಗಿಯಿತು, ಕೋಣೆ ಬೆಳ್ಳಗೆ ಹೊಳೆಯಿತು. ಮೂರನೆಯ ಮಳೆಗಾಲದ ಹೊತ್ತಿಗೆ ಗೋಡೆಯ ಬುಡದಲ್ಲಿ ಒಂದೂವರೆ ಅಡಿಯವರೆಗೆ ಸುಣ್ಣ ಉಬ್ಬಿ, ಮುಟ್ಟಿದರೆ ಉಪ್ಪಿನ ಪುಡಿಯ ಹಾಗೆ ಉದುರತೊಡಗಿತು. ಆ ಕಾಲದ ಅನೇಕ ಮನೆಗಳಂತೆ ನಮ್ಮ ಮನೆಯ ತಳಪಾಯದಲ್ಲೂ ತೇವ ತಡೆಯುವ ಪದರವಿಲ್ಲ. ನೆಲದಿಂದ ಮೇಲೇರುವ ತೇವ ಅಲ್ಲಿಯವರೆಗೆ ಗಾರೆಯ ಮೂಲಕ ದಿನವೂ ಅಷ್ಟಷ್ಟೇ ಆರಿ ಹೋಗುತ್ತಿತ್ತು. ಶೇ. 0.5ರಷ್ಟೂ ನೀರು ಹೀರದ ಟೈಲ್ಸನ್ನು ಅದರ ಮೇಲೆ ಮುಚ್ಚಳದಂತೆ ಹಾಕಿದಾಗ, ಆ ತೇವಕ್ಕೆ ಉಳಿದ ದಾರಿ ಗೋಡೆ ಒಂದೇ. ಎರಡು ಸಲ ಗೋಡೆಗೆ ಮತ್ತೆ ಗಾರೆ ಮಾಡಿಸಿ, ವಾಟರ್‌ಪ್ರೂಫ್ ಬಣ್ಣ ಬಳಿಸಿ ದುಡ್ಡು ಕಳೆದ ಮೇಲೆಯೇ ನಮಗೆ ಇದು ಹೊಳೆದದ್ದು. ಟೈಲ್ಸ್ ಮಾರಿದವರಾಗಲಿ ಹಾಕಿದವರಾಗಲಿ ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಆದ್ದರಿಂದ 2018ರಲ್ಲಿ ಮೊದಲು ಮಾಡಿದ್ದು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಪ್ರತಿ ಕೋಣೆಯ ನೆಲಕ್ಕೂ ನಾಲ್ಕು ಅಂಚಿನಲ್ಲಿ ಟೇಪಿನಿಂದ ಗಾಳಿಯಾಡದಂತೆ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆವು. ಮುಂಜಗುಲಿಯ ಹಾಳೆ ಒಣಗಿಯೇ ಇತ್ತು. ನಡುಮನೆಯ ಹಾಳೆಯ ಅಡಿಯಲ್ಲಿ ಮಾತ್ರ ಪಾತ್ರೆಯ ಮುಚ್ಚಳ ತೆಗೆದಾಗ ಕಾಣುವಂಥ ಹನಿಗಳು ಸಾಲುಗಟ್ಟಿದ್ದವು. ಹಳೆಯ ಮನೆಯಿರುವ ಯಾರೇ ಆಗಲಿ ಅಂಗಡಿಗೆ ಹೋಗುವ ಮುಂಚೆ ಇದನ್ನು ಮಾಡಿ ನೋಡಬೇಕು, ಅದೂ ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು.

ನಡುಮನೆಯ ನೆಲ ಅಲ್ಲಲ್ಲಿ ಕುಸಿದು, ಬಿರುಕುಗಳಿಂದ ಇರುವೆಗಳು ಸಾಲಾಗಿ ಮೇಲೇಳುತ್ತಿದ್ದವು, ಒಡೆಯದೆ ವಿಧಿಯಿರಲಿಲ್ಲ. ಒಡೆದಾಗ ಮೇಲೆ ಬೆರಳಿನಷ್ಟೂ ದಪ್ಪವಿಲ್ಲದ ಕೆಂಪು ಪದರ, ಅದರಡಿಯಲ್ಲಿ ಸುಣ್ಣ, ಸುರ್ಕಿ (ಇಟ್ಟಿಗೆಯ ಪುಡಿ) ಮತ್ತು ಇಟ್ಟಿಗೆ ಚೂರಿನ ಗಾರೆ, ಅದಕ್ಕೂ ಕೆಳಗೆ ಬರೀ ಮಣ್ಣು ಕಂಡಿತು. ಮಣ್ಣನ್ನು ಒಂಬತ್ತು ಅಂಗುಲ ತೆಗೆಸಿ, ನೀರು ಹಾಕಿ ದಮ್ಮಸ್ಸು ಮಾಡಿಸಿ, ಅದರ ಮೇಲೆ ಪುಡಿಯಿಲ್ಲದ ದಪ್ಪ ಜಲ್ಲಿಯನ್ನು ಹರಡಿಸಿದೆವು. ಜಲ್ಲಿಯ ನಡುವಿನ ಸಂದುಗಳು ದೊಡ್ಡವಾದ್ದರಿಂದ ಮಣ್ಣಿನ ತೇವಕ್ಕೆ ಅದನ್ನು ದಾಟಿ ಮೇಲೇರಲು ಹಿಡಿ ಸಿಗುವುದಿಲ್ಲ. ಅದರ ಮೇಲೆ ತೆಳುವಾದ ಕಾಂಕ್ರೀಟು, ಅದರ ಮೇಲೆ ನೆಲ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಚದರಡಿಗೆ ಸುಮಾರು 70 ರೂಪಾಯಿ ಬಿತ್ತು, ಮತ್ತು ಈ ಏಳು ವರ್ಷಗಳಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ರೆಡ್ ಆಕ್ಸೈಡ್ ಎಂದರೆ ಕಬ್ಬಿಣದ ಆಕ್ಸೈಡಿನ ಬಣ್ಣದ ಪುಡಿ. ನೆಲ ಅದರದ್ದಲ್ಲ, ಸಿಮೆಂಟಿನದು, ಮತ್ತು ಅದಕ್ಕಿಂತ ಹೆಚ್ಚಾಗಿ ಕರಣೆ ಹಿಡಿದ ಕೈಯದು. ಟೈಲ್ಸ್ ಹಾಕುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಕೆಂಪು ನೆಲ ಮಾಡಬಲ್ಲ ಮೇಸ್ತ್ರಿಯನ್ನು ಹುಡುಕಲು ನಮಗೆ ಎರಡು ತಿಂಗಳು ಹಿಡಿಯಿತು, ಸಿಕ್ಕವರಿಗೆ ಅರವತ್ತು ದಾಟಿತ್ತು. ಇಡೀ ಕೋಣೆಗೆ ಬೇಕಾಗುವಷ್ಟು ಸಿಮೆಂಟು ಮತ್ತು ಬಣ್ಣವನ್ನು, ಹತ್ತು ಕಿಲೋಗೆ ಒಂದು ಕಿಲೋ ಲೆಕ್ಕದಲ್ಲಿ, ಒಣದಾಗಿಯೇ ಮೂರು ಸಲ ಜರಡಿ ಹಿಡಿಸಿ ಒಂದೇ ಸಲಕ್ಕೆ ಬೆರೆಸಿಟ್ಟುಕೊಂಡರು; ಎರಡು ಸಲ ಬೆರೆಸಿದರೆ ಎರಡು ಬಣ್ಣ ಬರುತ್ತದೆ. 53 ಗ್ರೇಡಿನ, ಅಂದರೆ ಹೆಚ್ಚು ಬಲದ, ಸಿಮೆಂಟು ಬೇಗ ಗಟ್ಟಿಯಾಗಿ ಬಿರುಕು ಬಿಡುವ ಸಂಭವ ಹೆಚ್ಚೆಂದು 43 ಗ್ರೇಡಿನದನ್ನೇ ತರಿಸಿದರು. ಆಮೇಲೆ ಹಲಗೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಕಿಟಕಿಯ ಕಡೆಯಿಂದ ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತ, ಒಂದೇ ಜಾಗಕ್ಕೆ ಮೂರು ನಾಲ್ಕು ಸಲ ಕರಣೆ ಎಳೆದರು. ಬೆರಳು ಒತ್ತಿ ನೋಡಿ, ಗುರುತು ಬಿದ್ದರೂ ಅಂಟದಿರುವ ಹದ ಬಂದಾಗ ಮಾತ್ರ ಕೊನೆಯ ಎಳೆತ. ಬೆಳಿಗ್ಗೆ ಏಳಕ್ಕೆ ಕುಳಿತವರು ಎದ್ದಾಗ ಸಂಜೆ ಆರು ಗಂಟೆ. ಮರುದಿನದಿಂದ ಹತ್ತು ದಿನ ನೀರು ಕಟ್ಟಿ ನಿಲ್ಲಿಸಿ, ಫ್ಯಾನು ಹಾಕದೆ, ಕಿಟಕಿ ತೆರೆಯದೆ ಕಾದೆವು.

ಇನ್ನು ದೋಷಗಳು. ಕೆಂಪು ನೆಲ ಆರುವಾಗ ಕುಗ್ಗುತ್ತದೆ. ಕುಗ್ಗಿದ್ದು ಎಲ್ಲಾದರೂ ಬಿಡಲೇಬೇಕು. ಅದಕ್ಕಾಗಿಯೇ ನಾಲ್ಕು ಅಡಿಗೊಂದರಂತೆ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಕೂರಿಸಿ ನೆಲವನ್ನು ಚೌಕಗಳಾಗಿ ಮಾಡುತ್ತಾರೆ. ಮೇಸ್ತ್ರಿ ಪಟ್ಟಿ ಬೇಕೇಬೇಕೆಂದು ಹೇಳಿದ್ದರು. ತಾತನ ಕಾಲದ ನೆಲದಲ್ಲಿ ಪಟ್ಟಿಯಿರಲಿಲ್ಲ, ಅಖಂಡವಾಗಿಯೇ ಇರಲಿ ಎಂದು ಹಠ ಹಿಡಿದವನು ನಾನು. ಒಂದೂವರೆ ತಿಂಗಳಿಗೆ ಬಾಗಿಲಿನ ಮೂಲೆಯಿಂದ ಕಿಟಕಿಯ ಕಡೆಗೆ ಕೂದಲೆಳೆಯಷ್ಟು ಬಿರುಕೊಂದು ಓರೆಯಾಗಿ ಹೊರಟಿತು. ಈಗ ಅಂಥವು ಮೂರಿವೆ. ಕಾಲಿಗೆ ತಾಕುವುದಿಲ್ಲ, ನೀರು ಇಂಗುವುದಿಲ್ಲ, ಆದರೆ ಬೆಳಗಿನ ಓರೆ ಬಿಸಿಲಿನಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮೊದಲ ಮಳೆಗಾಲದಲ್ಲಿ ನೆಲದ ಮೇಲೆ ಬಿಳಿಯ ಉಪ್ಪಿನ ಪೊರೆಯೂ ಕಾಣಿಸಿಕೊಂಡಿತು. ಗಾಬರಿಪಟ್ಟೆವು, ಬರೀ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ದಿನವೂ ಒರೆಸುತ್ತ ಬಂದಾಗ ವರ್ಷದೊಳಗೆ ಅದು ನಿಂತುಹೋಯಿತು.

ಹುಳಿಯ ವಿಷಯ ಯಾರೂ ಹೇಳಿರಲಿಲ್ಲ. ಆ ವರ್ಷದ ಗೌರಿ ಹಬ್ಬದ ಮುನ್ನಾ ದಿನ ಅಮ್ಮ ಹುಣಸೆಹಣ್ಣು ಹಚ್ಚಿದ ಹಿತ್ತಾಳೆಯ ದೀಪದ ಕಂಬವನ್ನು ಐದು ನಿಮಿಷ ನಡುಮನೆಯ ನೆಲದ ಮೇಲಿಟ್ಟಿದ್ದರು. ಎತ್ತಿದಾಗ ಅಡಿಯಲ್ಲಿ ಬಳೆಯಷ್ಟಗಲದ ಮಸುಕು ವೃತ್ತ. ಹುಣಸೆ, ನಿಂಬೆ, ಮೊಸರು, ಆಸಿಡ್ ಬೆರೆತ ಕ್ಲೀನರ್ ಎಲ್ಲವೂ ಸಿಮೆಂಟಿನಲ್ಲಿರುವ ಸುಣ್ಣವನ್ನು ತಿನ್ನುತ್ತವೆ; ಅದು ಕಲೆಯಲ್ಲ, ಮೇಲ್ಮೈಯೇ ಸವೆದು ಹೋಗಿರುವುದು. ಉಜ್ಜಿದರೆ ಹೋಗದು. ವ್ಯಾಕ್ಸ್ ಹಚ್ಚಿ ಹಚ್ಚಿ ಈಗ ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟಾಗಿದೆ. ಶಹಾಬಾದ್, ಕಡಪ, ಕೋಟಾ ಕಲ್ಲುಗಳೂ ಸುಣ್ಣದ ಕಲ್ಲುಗಳೇ ಆದ್ದರಿಂದ ಅವುಗಳಿಗೂ ಇದೇ ಕಾಟವಿದೆ. ಊಟದ ತಟ್ಟೆ ನೆಲಕ್ಕಿಡುವ ಮನೆಯವರು ಇದನ್ನು ಯೋಚಿಸಬೇಕು.

ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ನವರಾತ್ರಿಗೊಮ್ಮೆ, ತೆಳುವಾಗಿ ವ್ಯಾಕ್ಸ್ ಹಚ್ಚಿ ಹಳೆಯ ಪಂಚೆಯಿಂದ ಉಜ್ಜುತ್ತೇವೆ. ಉಳಿದಂತೆ ಬರೀ ನೀರು. ಎರಡನೆಯ ವರ್ಷ ಹೊಳಪಿನ ಆಸೆಗೆ ಹೆಚ್ಚು ಬಳಿದು, ಅಮ್ಮ ಜಾರಿ ಕಂಬ ಹಿಡಿದು ನಿಂತರು. ಅಂದಿನಿಂದ ಚಮಚದ ಲೆಕ್ಕದಲ್ಲಿ ಬಳಸುತ್ತೇವೆ. ಕೆಂಪು ನೆಲ ಬರಿಗಾಲಿಗೆ ತಂಪು ಎಂದು ಎಲ್ಲರೂ ಹೇಳುವ ಮಾತು ಅರ್ಧ ನಿಜ. ಏಪ್ರಿಲ್‌ನಲ್ಲಿ ವಿಟ್ರಿಫೈಡ್ ಕೂಡ ತಂಪಾಗಿಯೇ ಇರುತ್ತದೆ. ಆದರೆ ಡಿಸೆಂಬರಿನ ಬೆಳಗಿನ ಜಾವ ಅಡುಗೆಮನೆಗೆ ಕಾಲಿಟ್ಟಾಗ ಅಂಗಾಲಿಗೆ ಆಗುವ ಶಾಕು ನಡುಮನೆಯಲ್ಲಿ ಆಗುವುದಿಲ್ಲ. ಬಣ್ಣವಂತೂ ವರ್ಷದಿಂದ ವರ್ಷಕ್ಕೆ ಇಟ್ಟಿಗೆಯ ಕೆಂಪಿನಿಂದ ಹಣ್ಣಾದ ನೇರಳೆಯತ್ತ ಮಾಗುತ್ತಿದೆ. ಬೇರೆ ಯಾವ ನೆಲವೂ ಹಳತಾಗುತ್ತ ಚೆನ್ನಾದದ್ದನ್ನು ನಾನು ಕಂಡಿಲ್ಲ. ಮೇಲಿನ ಪದರ ಮತ್ತು ಕೂಲಿ ಸೇರಿ ಆಗ ಚದರಡಿಗೆ 130 ರೂಪಾಯಿ ಆಗಿತ್ತು.

ಊಟದ ಕೋಣೆಯ ಆತಂಗುಡಿ ಹೆಂಚುಗಳು ತಮಿಳುನಾಡಿನ ಶಿವಗಂಗಾ ಜಿಲ್ಲೆಯ, ಚೆಟ್ಟಿನಾಡು ಎಂಬ ಸೀಮೆಯ ಕಾರೈಕುಡಿಗೆ ಹತ್ತಿರದ ಅದೇ ಹೆಸರಿನ ಊರಿನಿಂದ ಬರುತ್ತವೆ. ಇವನ್ನು ಗೂಡಿನಲ್ಲಿ ಸುಡುವುದಿಲ್ಲ. ಗಾಜಿನ ಹಾಳೆಯ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟನ್ನು ಹೂವಿನ ಆಕಾರಕ್ಕೆ ತಕ್ಕಂತೆ ಸುರಿದು, ಹಿಂದೆ ಮರಳು ಸಿಮೆಂಟು ತುಂಬಿ, ನೀರಿನಲ್ಲಿ ನೆನೆಸಿ, ಒಣಗಿಸುತ್ತಾರೆ. ಗಾಜಿಗೆ ತಾಗಿದ್ದ ಮುಖವೇ ಹೊಳೆಯುವ ಮೇಲ್ಮೈ. ಹತ್ತಂಗುಲದ 190 ಹೆಂಚು ತರಿಸಿದೆವು, 14 ಅಂಚು ಮುರಿದು ಬಂದವು. ಮಾರಿದವರು ದಾರಿಯಲ್ಲಿ ಆದದ್ದಕ್ಕೆ ತಮ್ಮದೇನೂ ಇಲ್ಲವೆಂದರು. ಸಾಗಣೆ, ಕೂಲಿ ಎಲ್ಲ ಸೇರಿ ಚದರಡಿಗೆ 150 ರೂಪಾಯಿ ದಾಟಿತು. ಮುಕ್ಕಾಲು ಅಂಗುಲ ದಪ್ಪದ ಹೆಂಚು, ಅದರಡಿ ಗಾರೆಯ ಹಾಸು ಸೇರಿದರೆ ಎರಡಂಗುಲವಾಗುತ್ತದೆ. ಆ ಲೆಕ್ಕ ಹಿಡಿದು ಹಳೆಯ ನೆಲವನ್ನು ತಗ್ಗಿಸದಿದ್ದರೆ ಹೊಸ್ತಿಲು ನೆಲದೊಳಗೆ ಹೂತು, ತೇಗದ ಬಾಗಿಲನ್ನು ಅಡಿಯಲ್ಲಿ ಕೊಯ್ಯಬೇಕಾಗುತ್ತದೆ.

ಏಳು ವರ್ಷದಲ್ಲಿ ಒಂದೂ ಹೆಂಚು ಎದ್ದಿಲ್ಲ, ಸೀಳಿಲ್ಲ. ಆದರೆ ದೇವರ ಗೂಡಿನ ಮುಂದಿನ ನಾಲ್ಕು ಹೆಂಚುಗಳು ಮಂಕಾಗಿವೆ. ದಿನವೂ ಅಲ್ಲಿ ಬೀಳುವ ರಂಗೋಲಿ ಪುಡಿ ಕಲ್ಲಿನ ಪುಡಿಯೇ ತಾನೇ, ಒರೆಸುವ ಬಟ್ಟೆಯಡಿ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಕುಂಕುಮ ಬಿದ್ದ ಜಾಗದ ಹಳದಿ ದಳವೊಂದು ಶಾಶ್ವತವಾಗಿ ಗುಲಾಬಿಯಾಗಿದೆ. ಎಣ್ಣೆಯ ಕಲೆ ಮಾತ್ರ ಆಶ್ಚರ್ಯಕರವಾಗಿ ಕಾಲಕ್ರಮೇಣ ಸುತ್ತಲಿನ ಬಣ್ಣದಲ್ಲಿ ಕರಗಿಹೋಯಿತು. ಮೈಸೂರಿಗೆ ಈ ಚೆಟ್ಟಿನಾಡಿನ ಹೂವುಗಳು ಒಪ್ಪುತ್ತವೆಯೇ ಎಂದು ನನ್ನ ಹೆಂಡತಿ ಆಗ ಕೇಳಿದ್ದಳು. ನನಗಿನ್ನೂ ಉತ್ತರ ಹೊಳೆದಿಲ್ಲ.

ಅಡುಗೆಮನೆಯ ವಿಟ್ರಿಫೈಡ್ ಬಗ್ಗೆ ಹೇಳುವುದು ಕಡಿಮೆ, ಅದೇ ಅದರ ಗುಣ. ಅಲ್ಲಿ ತೇವ ಅಷ್ಟಿರಲಿಲ್ಲ, ಹಳೆಯ ನೆಲ ತೆಗೆಸಿ ಜಲ್ಲಿ ಹಾಕಿಸಿಯೇ ಕೂರಿಸಿದ್ದರಿಂದ ಗೋಡೆ ಸುರಕ್ಷಿತವಾಗಿದೆ. ಸಾರು ಚೆಲ್ಲಿದರೂ, ನಿಂಬೆಹಣ್ಣು ಉರುಳಿದರೂ ಒರೆಸಿದರೆ ಮುಗಿಯಿತು. ಸಂದುಗಳಿಗೆ ಸಾಮಾನ್ಯ ಗ್ರೌಟು ಹಾಕಿಸಿದ್ದು ತಪ್ಪಾಯಿತು, ಒಲೆಯ ಮುಂದೆ ಕಪ್ಪಾಗಿದೆ. ಕಲೆ ಹೀರದ, ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟು ಹಾಕಿಸಬೇಕಿತ್ತು. ಕುಟ್ಟಾಣಿ ಜಾರಿ ಒಂದು ಟೈಲಿನ ಮೂಲೆ ಹಾರಿದೆ. ಅದೇ ಬಣ್ಣದ ಟೈಲ್ ಮೂರೇ ವರ್ಷದಲ್ಲಿ ಬರುವುದೇ ನಿಂತುಹೋಗಿತ್ತು, ನಾವು ಎತ್ತಿಟ್ಟಿದ್ದು ಎರಡೇ. ಒಂದು ಪೂರ್ತಿ ಪೆಟ್ಟಿಗೆಯನ್ನಾದರೂ ಅಟ್ಟದ ಮೇಲಿಡಿ.

ಮುಂಜಗುಲಿಯ ಹಳೆಯ ನೆಲದಲ್ಲಿ ಚಿಕ್ಕಪ್ಪ ಹುಡುಗನಾಗಿದ್ದಾಗ ಮೊಳೆಯಿಂದ ಕೊರೆದ ಚೌಕಾಬಾರದ ಮನೆಯೊಂದಿದೆ: ಐದಕ್ಕೆ ಐದರ ಇಪ್ಪತ್ತೈದು ಚೌಕ, ನಾಲ್ಕು ಬದಿಯ ನಡುವೆ ಮತ್ತು ಮಧ್ಯದಲ್ಲಿ ಒಂದೊಂದು ಕತ್ತರಿ ಗುರುತು. ನೆಲ ಪಾಲಿಶ್ ಮಾಡುವವರು ಬಂದು, ಯಂತ್ರದಿಂದ ಎರಡು ಸುತ್ತು ಉಜ್ಜಿದರೆ ಗೀರು ಮಾಯವಾಗಿ ಹೊಸದರಂತಾಗುತ್ತದೆ ಎಂದರು. ಅಷ್ಟರಲ್ಲಿ ನಡುಮನೆಯ ಕೆಂಪು ಪದರದ ದಪ್ಪವನ್ನು ಕಣ್ಣಾರೆ ಕಂಡಿದ್ದ ನಾನು ಒಪ್ಪಲಿಲ್ಲ. ಆ ತೆಳುವಿನ ಮೇಲೆ ಯಂತ್ರ ಆಡಿಸಿದರೆ ಅಡಿಯ ಗಾರೆ ಮೇಲೆ ಬರುತ್ತದೆ, ಆಮೇಲೆ ಮಾಡುವುದೇನೂ ಇಲ್ಲ. ಸಾಬೂನಿನ ನೀರು, ತೆಂಗಿನ ನಾರು, ಕೊನೆಗೆ ವ್ಯಾಕ್ಸ್. ಮೂರು ದಿನ ಮನೆಯವರೇ ಉಜ್ಜಿದೆವು. ಖರ್ಚು 400 ರೂಪಾಯಿಯೊಳಗೆ. ಎಪ್ಪತ್ತು ದಾಟಿರುವ ಈ ನೆಲದ ಮುಂದೆ ನಮ್ಮ ಹೊಸದು ಇನ್ನೂ ಹಸಿಹಸಿಯಾಗಿ ಕಾಣುತ್ತದೆ.

ಅಂಕ ಕೊಡುವುದಾದರೆ, ಐದಕ್ಕೆ ಕೆಂಪು ನೆಲಕ್ಕೆ ನಾಲ್ಕು, ಆತಂಗುಡಿಗೆ ಮೂರೂವರೆ, ಅಡುಗೆಮನೆಯ ವಿಟ್ರಿಫೈಡ್‌ಗೂ ನಾಲ್ಕೇ. ಅದೇ ವಿಟ್ರಿಫೈಡ್‌ಗೆ ಮಲಗುವ ಕೋಣೆಯಲ್ಲಿ ಒಂದು. ಬರುವ ಬೇಸಿಗೆಯಲ್ಲಿ ಅಲ್ಲಿನ ಟೈಲ್ಸನ್ನೂ ಅದರಡಿಯ ಹಳೆಯ ನೆಲವನ್ನೂ ತೆಗೆಸಿ, ಗೋಡೆಯ ಬುಡದ ಸಿಮೆಂಟು ಗಾರೆಯನ್ನು ಕೆತ್ತಿಸಿ, ಎರಡು ತಿಂಗಳು ಆರಲು ಬಿಟ್ಟು ಸುಣ್ಣದ ಗಾರೆ ಮಾಡಿಸುವುದಿದೆ. ನೆಲಕ್ಕೆ ಮತ್ತೆ ಕೆಂಪೇ. ಮೇಸ್ತ್ರಿಗೆ ಈಗ ಕುಕ್ಕರಗಾಲಿನಲ್ಲಿ ಕೂರಲಾಗುವುದಿಲ್ಲ, ಕುರ್ಚಿ ಹಾಕಿಕೊಂಡು ಕುಳಿತು ಇನ್ನೊಬ್ಬರ ಕೈಯಲ್ಲಿ ಮಾಡಿಸುತ್ತೇನೆ ಎಂದಿದ್ದಾರೆ. ಗಾಜಿನ ಪಟ್ಟಿಗಳನ್ನು ಈಗಾಗಲೇ ತಂದು ಮಂಚದ ಕೆಳಗಿಟ್ಟಿದ್ದೇನೆ.