ವಚನ ಸಂಚಯ: ಹುಡುಕುವ ಸೌಲಭ್ಯ, ಕೇಳುವ ಕಿವಿ

ಶರಣರ ವಚನಗಳನ್ನು ಒಂದೇ ಕಡೆ ಓದಲು, ಅವುಗಳಲ್ಲಿ ಬೇಕಾದ ಪದವನ್ನು ಹುಡುಕಲು ಅನುಕೂಲವಾಗುವಂತೆ ರೂಪಿಸಿರುವ ‘ವಚನ ಸಂಚಯ’ ಎಂಬ ಜಾಲತಾಣವನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ವಿಮರ್ಶಕ ಓ.ಎಲ್. ನಾಗಭೂಷಣಸ್ವಾಮಿ ಅವರ ಮಾರ್ಗದರ್ಶನದಲ್ಲಿ, ಕನ್ನಡದ ಮೇಲಿನ ಅಭಿಮಾನದಿಂದ ಬಿಡುವಿನ ವೇಳೆಯನ್ನು ಕೊಟ್ಟ ಕೆಲವು ತಂತ್ರಜ್ಞರು ಒಂದು ದಶಕಕ್ಕೂ ಹಿಂದೆ ಇದನ್ನು ಕಟ್ಟಿದರು. ಓದುಗರು ಇದಕ್ಕೆ ಹಣ ಕೊಡಬೇಕಾಗಿಲ್ಲ. ಕನ್ನಡದ ಹಳೆಯ ಸಾಹಿತ್ಯವನ್ನು ಸಾಮಾನ್ಯ ಓದುಗರ ಕೈಗೆ ತಲುಪಿಸಿದ ಸೇವೆಗಳಲ್ಲಿ ಇದಕ್ಕೆ ಬಹಳ ಎತ್ತರದ ಸ್ಥಾನವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ವಚನವೆಂಬುದು ಮೊದಲು ಬಾಯಿಮಾತಾಗಿ ಹುಟ್ಟಿ, ಆಮೇಲೆ ಓಲೆಗರಿಗೆ, ಮುದ್ರಣಕ್ಕೆ, ಈಗ ಪರದೆಗೆ ಬಂದಿರುವುದರಿಂದ, ಈ ತಾಣ ನಮಗೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು ಎಂಬ ತಿಳಿವಳಿಕೆಯೊಂದಿಗೆ ಇದನ್ನು ಬಳಸಿದರೆ ಲಾಭ ಇಮ್ಮಡಿಯಾಗುತ್ತದೆ.

ಇದರ ಬೆಲೆ ಅರಿಯಬೇಕಾದರೆ ವಚನಗಳು ಸಾಗಿಬಂದ ದಾರಿಯನ್ನು ನೆನೆಯಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಆಡಿದ, ಹಾಡಿದ ನುಡಿಗಳು ಕಲ್ಯಾಣದ ಕ್ರಾಂತಿಯ ನಂತರ ಶರಣರೊಂದಿಗೆ ಚದುರಿಹೋದವು. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಅವನ್ನು ಮತ್ತೆ ಕಲೆಹಾಕಿ ಓಲೆಗರಿಗಳಲ್ಲಿ ಬರೆಸಿದರು. ಅಲ್ಲಿಂದ ಮುಂದೆ ಶತಮಾನಗಳ ಕಾಲ ಅವು ಮಠಗಳಲ್ಲಿ, ಮನೆಗಳ ದೇವರಕೋಣೆಗಳಲ್ಲಿ ಕಟ್ಟುಗಳಾಗಿ ಉಳಿದವು. ಎಷ್ಟೋ ಕಡೆ ಓದುವುದಕ್ಕಿಂತ ಪೂಜಿಸುವುದಕ್ಕೇ ಹೆಚ್ಚು ಬಳಕೆಯಾದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಡಿಸಿ ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುದ್ರಣಾಲಯ ಹಾಕುವುದಕ್ಕೆ ಅವರು ಸ್ವಂತ ಮನೆಯನ್ನೇ ಮಾರಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಮುಂದೆ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಆ 15 ಸಂಪುಟಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಲ್ಲವರು ಎಷ್ಟು ಜನ? ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಎಲ್ಲ ಸಂಪುಟಗಳೂ ಒಟ್ಟಿಗೆ ಸಿಗುವುದು ಇಂದಿಗೂ ಅಪರೂಪ. ಅಂಥ ರಾಶಿಯನ್ನು ಯೂನಿಕೋಡ್ ಅಕ್ಷರಗಳಿಗೆ ತಂದು, ಮೊಬೈಲ್ ಇರುವ ಯಾರೇ ಆಗಲಿ ಓದಬಹುದೆಂಬಂತೆ ಮಾಡಿರುವುದು ಹಳಕಟ್ಟಿಯವರು ಹಿಡಿದ ಕೆಲಸದ ಮುಂದುವರಿಕೆಯೆಂದೇ ನಾನು ತಿಳಿದಿದ್ದೇನೆ.

ತಾಣದ ಬಳಕೆ ಸರಳ. ವಚನಕಾರರ ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಂಡು ಅವರ ವಚನಗಳನ್ನು ಒಂದೊಂದಾಗಿ ಓದಬಹುದು, ಇಲ್ಲವೇ ಒಂದು ಪದವನ್ನು ಕೊಟ್ಟು ಅದು ಯಾರ ಯಾವ ವಚನದಲ್ಲಿ ಬಂದಿದೆ ಎಂದು ನೋಡಬಹುದು. ನನಗೆ ಎರಡನೆಯದೇ ಹೆಚ್ಚು ಮುಖ್ಯ. ಶಾಲೆಯ ಪಾಠಗಳು, ಭಾಷಣಗಳು, ಗೋಡೆಬರಹಗಳು ನಮಗೆ ಪರಿಚಯಿಸಿರುವುದು ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯವರ ಒಂದಷ್ಟು ವಚನಗಳನ್ನು ಮಾತ್ರ. ಅದೇ ಹತ್ತು ಹದಿನೈದು ವಚನಗಳು ಎಲ್ಲ ಕಡೆಯೂ ಕೇಳಿಬರುತ್ತವೆ. ‘ಕಾಯಕ’ ಎಂಬ ಪದವನ್ನು ಹುಡುಕಿದರೆ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ಬಿದ್ದ ಅಕ್ಕಿ ಆಯುತ್ತಿದ್ದ ಲಕ್ಕಮ್ಮ ಮತ್ತು ಮಾರಯ್ಯ, ಕಟ್ಟಿಗೆ ಮಾರುತ್ತಿದ್ದ ಮೋಳಿಗೆ ಮಾರಯ್ಯ ಇವರೆಲ್ಲ ದೊಡ್ಡ ಹೆಸರುಗಳ ಪಕ್ಕದಲ್ಲಿ ಸಮನಾಗಿ ಬಂದು ನಿಲ್ಲುತ್ತಾರೆ. ಸತ್ಯಕ್ಕ, ಕಾಳವ್ವೆ, ಸೂಳೆ ಸಂಕವ್ವೆಯಂಥ ವಚನಕಾರ್ತಿಯರ ಕೆಲವು ವಚನಗಳಷ್ಟೇ ಉಳಿದಿದ್ದರೂ ಹುಡುಕಾಟದ ಮುಂದೆ ಅವು ಕಡಿಮೆಯವಲ್ಲ. ಒಬ್ಬ ಉಪನ್ಯಾಸಕ, ಒಬ್ಬ ಸ್ವಾಮಿಗಳು ಅಥವಾ ಒಂದು ಪಠ್ಯಪುಸ್ತಕ ಸಮಿತಿ ಆರಿಸಿಕೊಟ್ಟದ್ದನ್ನೇ ಓದಬೇಕಾದ ಕಟ್ಟನ್ನು ಇದು ಸಡಿಲಿಸಿದೆ. ಜ್ಞಾನ ಎಲ್ಲರ ಕೈಗೂ ಸಿಗಬೇಕೆಂದೇ ತಿಳಿಗನ್ನಡದಲ್ಲಿ ಮಾತಾಡಿದವರ ನುಡಿಗಳಿಗೆ ಇದಕ್ಕಿಂತ ತಕ್ಕ ಏರ್ಪಾಡು ಬೇರೊಂದಿರಲಾರದು.

ಇಲ್ಲಿಂದ ಮುಂದಿನದು ಬಳಸುವವರು ಗಮನಿಸಬೇಕಾದ ಸಂಗತಿ. ಆಯ್ದಕ್ಕಿ ಲಕ್ಕಮ್ಮನ ಪ್ರಸಿದ್ಧವಾದ ವಚನವೊಂದಿದೆ. ಆಸೆ ಅರಸರಿಗಲ್ಲದೆ ಶಿವಭಕ್ತರಿಗೆ ಉಂಟೆ ಎಂದು ಕೇಳಿ, ಮುಂದೆ ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಗಂಡನನ್ನು ಪ್ರಶ್ನಿಸುವ ವಚನ. ಅಕ್ಕಿಯ ಬಗೆಗಿನ ವಚನಗಳು ಬೇಕೆಂದು ‘ಅಕ್ಕಿ’ ಎಂದು ಬರೆದು ಹುಡುಕಿದರೆ ಈ ಸಾಲು ಸಿಗಲಾರದು. ಮಾತಿನ ಓಟದಲ್ಲಿ ‘ಈಸು’, ‘ಅಕ್ಕಿ’, ‘ಆಸೆ’ ಎಂಬ ಮೂರೂ ಬೆಸೆದುಕೊಂಡಿವೆ. ಸಂಧಿಯಾದಾಗ ‘ಅ’ ಎಂಬ ಅಕ್ಷರವೇ ಮರೆಯಾಗಿ ಹಿಂದಿನ ‘ಸ’ದೊಳಗೆ ಸೇರಿಹೋಗಿದೆ. ಕಿವಿಯಿಂದ ಕೇಳಿದವರಿಗೆ ಅಕ್ಕಿ ತಕ್ಷಣ ತಿಳಿಯುತ್ತದೆ, ಅಕ್ಷರಗಳ ಸಾಲನ್ನು ಹೋಲಿಸುವ ಯಂತ್ರಕ್ಕೆ ತಿಳಿಯುವುದಿಲ್ಲ. ‘ಚನ್ನ’ ಮತ್ತು ‘ಚೆನ್ನ’, ‘ಎನ್ನ’ ಮತ್ತು ‘ಯೆನ್ನ’ ಎಂಬಂಥ ಬರವಣಿಗೆಯ ವ್ಯತ್ಯಾಸಗಳೂ ಇದೇ ತೊಡಕನ್ನು ತರುತ್ತವೆ. ಇದು ಈ ಒಂದು ತಾಣದ ಕೊರತೆಯಲ್ಲ, ಕನ್ನಡ ಲಿಪಿಯಲ್ಲಿ ಹಳೆಯ ಪಠ್ಯವನ್ನು ಹುಡುಕುವ ಯಾವ ವ್ಯವಸ್ಥೆಗೂ ಎದುರಾಗುವ ಸಮಸ್ಯೆ. ಆದ್ದರಿಂದ ಒಂದು ಪದ ಸಿಗಲಿಲ್ಲವೆಂದ ಮಾತ್ರಕ್ಕೆ ಆ ವಿಚಾರ ವಚನಗಳಲ್ಲಿ ಇಲ್ಲವೆಂದು ತೀರ್ಮಾನಿಸಬಾರದು. ಸಂಶೋಧನಾ ವಿದ್ಯಾರ್ಥಿಗಳು ಪದಗಳ ಎಣಿಕೆಯನ್ನು ಆಧಾರವಾಗಿಟ್ಟುಕೊಂಡು ಬರೆಯುವಾಗ ಇದನ್ನು ಮರೆಯದಿರಲಿ.

ಅದೇ ವಚನದಲ್ಲಿ ಇನ್ನೂ ದೊಡ್ಡ ವಿಷಯವೊಂದಿದೆ. ‘ಈಸು ಅಕ್ಕಿ’ ಎಂದರೆ ಎಷ್ಟು ಅಕ್ಕಿ? ಅದನ್ನು ತಂದವರು ಯಾರು, ಅದು ಹೆಚ್ಚಾದದ್ದು ಹೇಗೆ? ವಚನದಲ್ಲಿ ಇದಾವುದಕ್ಕೂ ಉತ್ತರವಿಲ್ಲ, ಇರಬೇಕಾಗಿಯೂ ಇರಲಿಲ್ಲ. ಕೇಳುತ್ತಿದ್ದವರಿಗೆ ಕಥೆ ಮೊದಲೇ ಗೊತ್ತಿತ್ತು: ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ, ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ, ಲಕ್ಕಮ್ಮ ಅದನ್ನು ಕಂಡು, ನಮಗೆ ಎಂದಿನಷ್ಟೇ ಸಾಕು, ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದಳು. ಈ ಕಥೆಯನ್ನು ಅಜ್ಜಿಯ ಬಾಯಿಂದಲೋ ಮಠದ ಪುರಾಣದಲ್ಲೋ ಕೇಳಿದವರು ವಚನವನ್ನು ಓದಿದರೆ ಹೆಂಡತಿ ಗಂಡನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳುವ ದನಿ ಕಿವಿಗೆ ಬೀಳುತ್ತದೆ. ಕೇಳದವರಿಗೆ ಅದು ಆಸೆ ಕೂಡದೆಂಬ ಒಂದು ನೀತಿವಾಕ್ಯವಾಗಿ ಉಳಿದುಬಿಡುತ್ತದೆ. ಬಿಡಿಯಾಗಿ ತೋರಿಸುವ ಯಾವ ಸಂಗ್ರಹಕ್ಕೂ ಈ ಅಪಾಯ ತಪ್ಪಿದ್ದಲ್ಲ.

ನಮ್ಮ ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ವಚನಗಳನ್ನು ಬರಿಯ ಪಟ್ಟಿಯಾಗಿ ಬರೆದಿಡದೆ, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವಂತೆ ಹೆಣೆದು, ನಡುನಡುವೆ ಗದ್ಯದ ಎಳೆಯನ್ನು ಸೇರಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗದೇವರು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಅಕ್ಕ ಕಲ್ಯಾಣಕ್ಕೆ ಬಂದಾಗ ಪ್ರಭು ಕೇಳುವ ಪ್ರಶ್ನೆಗಳು, ಅವಳ ಉತ್ತರಗಳು ನಮಗೆ ಒಂದು ನಾಟಕದ ದೃಶ್ಯದಂತೆ ನೆನಪಿರುವುದು ಈ ಸಂಪಾದಕರ ಹೆಣಿಗೆಯಿಂದ. ಬರವಣಿಗೆಯೊಳಗೇ ಮಾತುಕತೆಯನ್ನು ಮರಳಿ ತರಲು ಅವರು ಮಾಡಿದ ಆ ಪ್ರಯತ್ನ ನನಗೆ ಕನ್ನಡದ ಕಥನಕಲೆಯ ಅತಿ ದೊಡ್ಡ ಸಾಧನೆಗಳಲ್ಲೊಂದಾಗಿ ಕಾಣುತ್ತದೆ. ಅದೇ ವಚನ ಮುದ್ರಿತ ಸಂಪುಟದಲ್ಲಿ ಅಥವಾ ಪರದೆಯಲ್ಲಿ ಬಂದಾಗ ಸಂವಾದದಿಂದ ಬಿಡಿಸಿಕೊಂಡು ಕರ್ತೃವಿನ ಹೆಸರಿನ ಕೆಳಗೆ ಹೋಗಿ ಕೂರುತ್ತದೆ. ಹುಡುಕುವುದಕ್ಕೆ ಅದು ಅನುಕೂಲ, ಆದರೆ ಆ ಮಾತು ಯಾರಿಗೆ ಕೊಟ್ಟ ಉತ್ತರವೆಂಬುದು ಓದುಗರ ಕಣ್ಣಿಗೆ ಬೀಳುವುದಿಲ್ಲ.

ಅಂಕಿತದ ವಿಚಾರವೂ ಹಾಗೆಯೇ. ನಮ್ಮ ಬೀದಿಯ ಮಠದಲ್ಲಿ ಸೋಮವಾರ ಸಂಜೆ ವಚನ ಹಾಡುವ ರೂಢಿಯಿದೆ. ಅಲ್ಲಿಗೆ ಬರುವ ಹಿರಿಯ ಹೆಂಗಸರಲ್ಲಿ ಹಲವರಿಗೆ ಓದು ಬರದು. ಆದರೂ ಹಾಡುವವರು ಕೊನೆಯ ಸಾಲಿಗೆ ಬರುತ್ತಿದ್ದಂತೆ ಅವರ ಬಾಯಲ್ಲಿ ‘ಗುಹೇಶ್ವರಾ’ ಎಂದೋ ‘ಕಲಿದೇವರದೇವಾ’ ಎಂದೋ ತಾನಾಗಿ ಬರುತ್ತದೆ, ಕೆಲವರು ಕೈ ಮುಗಿಯುತ್ತಾರೆ. ಕೇಳುವವರಿಗೆ ವಚನಕಾರರ ಗುರುತು ಸಿಗುವುದು ಮಾತೆಲ್ಲ ಮುಗಿದ ಮೇಲೆ, ದೇವರ ಹೆಸರಿನಲ್ಲಿ. ಓದುವವರಿಗೋ ಮೊದಲು ಕಾಣುವುದು ಕರ್ತೃವಿನ ಹೆಸರು. ಬಸವಣ್ಣನೆಂದು ತಿಳಿದು ಓದುವುದಕ್ಕೂ, ಯಾರ ಮಾತೆಂದು ತಿಳಿಯದೆ ಕೇಳಿ ಕೊನೆಗೆ ‘ಕೂಡಲಸಂಗಮದೇವಾ’ ಎಂಬಲ್ಲಿ ಗುರುತಿಸುವುದಕ್ಕೂ ಬಹಳ ಅಂತರವಿದೆ. ತಾಳಮಾನ ಅರಿಯೆ, ಒಲಿದಂತೆ ಹಾಡುವೆ ಎಂದು ಬಸವಣ್ಣನೇ ಹೇಳಿಕೊಂಡಿದ್ದಾನೆ. ಹಾಡುವುದಕ್ಕೂ ಒದಗುತ್ತಿದ್ದ ನುಡಿ ಇದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಅಕ್ಕನ ವಚನವನ್ನು ಒಮ್ಮೆ ಕೇಳಿ, ಆಮೇಲೆ ಅದೇ ಸಾಲುಗಳನ್ನು ಪರದೆಯ ಮೇಲೆ ಓದಿದರೆ ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎಳೆಯಬೇಕು ಎಂಬುದು ಕಣ್ಣಿಗೂ ತಿಳಿಯತೊಡಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಬರವಣಿಗೆಯೊಳಗೆ ಎಂದೂ ಬಾರದೆ ಉಳಿದಿದ್ದ ಇನ್ನೊಂದು ಕಲ್ಯಾಣವಿದೆ. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ‘ಕಲ್ಯಾಣದ ಸಾಲು’ ಎಂಬ ಭಾಗ ಬರುತ್ತದೆ. ‘ಧರೆಗೆ ದೊಡ್ಡವರು’ ಎನಿಸಿಕೊಂಡ ಮಂಟೇಸ್ವಾಮಿಯವರು, ನೋಡಿದವರು ಅಸಹ್ಯಪಡುವ ವೇಷದಲ್ಲಿ ಕಲ್ಯಾಣಕ್ಕೆ ಬರುತ್ತಾರೆ. ಅವರನ್ನು ಬಾಗಿಲಲ್ಲಿ ತಡೆಯಲಾಗುತ್ತದೆ. ಹೆಸರಿಗೆ ಶರಣರಾದವರು ಪರೀಕ್ಷೆಯಲ್ಲಿ ಸೋಲುತ್ತಾರೆ. ಬಸವಣ್ಣ ಮತ್ತು ನೀಲಮ್ಮ ಬಂದವರು ಯಾರೆಂದು ಅರಿಯುತ್ತಾರೆ. ಶರಣ ಚಳವಳಿಯನ್ನು ಬಾಗಿಲ ಹೊರಗೆ ನಿಂತವರ ಕಣ್ಣಿಂದ ನೋಡಿದ ಕಥೆ ಇದು. ಓಲೆಗರಿ ಮುಟ್ಟುವ ಅವಕಾಶವಿಲ್ಲದ ಜನ ಇದನ್ನು ನಾಲಗೆಯ ಮೇಲೆ ಉಳಿಸಿಕೊಂಡು ಬಂದರು. ಕಳೆದ ಶತಮಾನದಲ್ಲಿ ಜಾನಪದ ವಿದ್ವಾಂಸರು ಅವರಿಂದ ಕೇಳಿ ಅಚ್ಚು ಹಾಕಿಸಿದ್ದಾರೆ. ಅಚ್ಚಿನಲ್ಲಿ ಓದುವಾಗ ಪುನರಾವರ್ತನೆ ಹೆಚ್ಚಾಯಿತೆಂದು ಕೆಲವರು ಗೊಣಗುವುದನ್ನು ಕೇಳಿದ್ದೇನೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಂಡು ಹಾಡುವುದನ್ನು ಕಂಡವರು ಹಾಗೆ ಹೇಳುವುದಿಲ್ಲ. ವಚನಗಳ ತಾಣದಲ್ಲಿ ಈ ಕಾವ್ಯ ಇರಬೇಕೆಂದು ನಾನು ಹೇಳುತ್ತಿಲ್ಲ, ಅದರ ವ್ಯಾಪ್ತಿ ಬೇರೆ. ಆದರೆ ಕಲ್ಯಾಣದ ಬಗ್ಗೆ ತಿಳಿಯಬೇಕಾದದ್ದೆಲ್ಲ ಹುಡುಕುಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಯುವ ಓದುಗರು ತಿಳಿದರೆ ನಷ್ಟ ಅವರದೇ.

ನನ್ನ ಸಲಹೆ ಇಷ್ಟು. ಶಾಲಾ ಕಾಲೇಜುಗಳ ಕನ್ನಡ ಅಧ್ಯಾಪಕರು ಈ ತಾಣವನ್ನು ತರಗತಿಯಲ್ಲೇ ತೆರೆದು, ಮಕ್ಕಳಿಂದಲೇ ಪದಗಳನ್ನು ಕೇಳಿ ಹುಡುಕಿಸಲಿ. ಪಠ್ಯದಲ್ಲಿಲ್ಲದ ವಚನಕಾರರ ಹೆಸರು ಕಂಡಾಗ ಅವರ ಕಥೆಯನ್ನು ಮನೆಯ ಹಿರಿಯರಿಂದ ಕೇಳಿಕೊಂಡು ಬರಲು ಹೇಳಲಿ. ಹುಡುಕುವಾಗ ಪದದ ಒಂದೆರಡು ರೂಪಗಳನ್ನಾದರೂ ಕೊಟ್ಟು ನೋಡಬೇಕು. ಸಿಕ್ಕ ವಚನವನ್ನು ಗಟ್ಟಿಯಾಗಿ ಓದಬೇಕು. ಮನಸ್ಸಿಗೆ ನಾಟಿದ್ದನ್ನು ‘ಶೂನ್ಯಸಂಪಾದನೆ’ಯಲ್ಲಿ ಎಲ್ಲಿ, ಯಾರ ಮಾತಿಗೆ ಉತ್ತರವಾಗಿ ಬಂದಿದೆ ಎಂದು ನೋಡಬೇಕು. ಪ್ರಬಂಧದಲ್ಲಿ ಉಲ್ಲೇಖಿಸುವವರು ಸಂಪುಟದ ಮುದ್ರಿತ ಪಾಠದೊಂದಿಗೆ ಒಮ್ಮೆ ಹೋಲಿಸಿಕೊಳ್ಳುವುದು ಒಳ್ಳೆಯದು. ಹೊರದೇಶಗಳಲ್ಲಿರುವ ಕನ್ನಡಿಗರಿಗಂತೂ ಪುಸ್ತಕ ತರಿಸಿಕೊಳ್ಳುವ ಖರ್ಚಿಲ್ಲದೆ ಇಡೀ ವಚನ ಸಾಹಿತ್ಯ ಇಲ್ಲಿ ಸಿಗುತ್ತದೆ. ಕನ್ನಡ ಓದಲು ಬಾರದ ಅವರ ಮಕ್ಕಳಿಗೆ ತಂದೆತಾಯಿ ದಿನಕ್ಕೊಂದು ವಚನವನ್ನು ಓದಿ ಹೇಳಬಹುದು.

ಕಟ್ಟಿದವರಲ್ಲಿ ನನ್ನ ಕೋರಿಕೆ ಒಂದೇ. ಪಠ್ಯದ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ಮಾಡಿರುವವರು ಸಂಧಿ ಬಿಡಿಸಿ ಹುಡುಕುವ ಉಪಾಯವನ್ನೂ, ಪ್ರತಿ ವಚನದ ಪಕ್ಕದಲ್ಲಿ ಊರೂರ ಭಜನಾ ಮಂಡಳಿಗಳವರು ತಮ್ಮ ಮಟ್ಟಿನಲ್ಲಿ ಹಾಡಿದ ದನಿಯನ್ನು ಸೇರಿಸಲು ಒಂದಿಷ್ಟು ಜಾಗವನ್ನೂ ಯೋಚಿಸಲಿ. ಬೀದರಿನ ಮಟ್ಟು ಚಾಮರಾಜನಗರದ ಮಟ್ಟಿಗಿಂತ ಬೇರೆ. ಅವೆರಡನ್ನೂ ಬಲ್ಲ ಹಿರಿಯರು ಇಂದು ನಮ್ಮ ನಡುವೆ ಇದ್ದಾರೆ, ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದಿಡಬಲ್ಲ ಮೊಮ್ಮಕ್ಕಳೂ ಅದೇ ಮನೆಗಳಲ್ಲಿ ಇದ್ದಾರೆ.